ಕುಡ್ಲ, ಕೊಡಿಯಾಲ, ಮೈಕಾಲ, ಮಂಗಳೂರು: ಊರ ಹೆಸರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ, ಅಮ್ಮನ ತವರು ಉಡುಪಿ. ಘಟ್ಟದ ಮೇಲಿನ ನೆಂಟರು, ಕೆಲಸಕ್ಕೆಂದು ಇಲ್ಲಿಗೆ ಬಂದವರು, ಓದಲು ಬಂದ ಹುಡುಗರು, ಊರು ಬಿಟ್ಟು ದೂರ ಹೋದ ಗೆಳೆಯರು, ಎಲ್ಲರೂ ಒಂದಲ್ಲ ಒಂದು ದಿನ ಊರ ಹೆಸರಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲು ಕೇಳುವ ಪ್ರಶ್ನೆಗಳು

ಒಂದೇ ಊರಿಗೆ ಎಷ್ಟು ಹೆಸರು ಮಾರಾಯ್ರೆ? ಒಮ್ಮೆ ಲೆಕ್ಕ ಹಾಕಿ ಹೇಳಿ.

ದಿನಬಳಕೆಯಲ್ಲಿ ಆರು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಕರಾವಳಿಯ ಬ್ಯಾರಿ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ, ಇಂಗ್ಲಿಷಿನಲ್ಲಿ ಮ್ಯಾಂಗಲೋರ್. ಕ್ರೈಸ್ತ ಕೊಂಕಣಿಗರ ಬರಹದಲ್ಲಿ ಮಂಗ್ಳುರ್ ಎಂದೂ ಕಾಣುತ್ತದೆ.

ಈ ಹೆಸರುಗಳು ಬೇರೆ ಬೇರೆ ಜನರ ಬಾಯಲ್ಲಿ ಮಾತ್ರ ಇವೆ ಎಂದುಕೊಳ್ಳಬೇಡಿ. ಒಂದೇ ಬಾಯಲ್ಲೂ ಇರುತ್ತವೆ. ಬಂದರಿನ ಹತ್ತಿರ ನಾನು ಸಾಮಾನು ತೆಗೆದುಕೊಳ್ಳುವ ಒಂದು ಅಂಗಡಿ ಇದೆ. ಅಲ್ಲಿಯ ಕಾಕ ಬ್ಯಾರಿಗಳು. ಒಂದು ಬೆಳಗ್ಗೆ ನಾನು ಶುಂಠಿ ಆರಿಸುತ್ತಾ ನಿಂತಿದ್ದೆ. ಹೆಂಡತಿಯ ಫೋನ್ ಬಂತು, ಆ ಮಾತಿನಲ್ಲಿ ಊರು ಮೈಕಾಲ ಆಯಿತು. ಚೀಲ ಇಳಿಸಲು ಬಂದ ರಿಕ್ಷಾದವನಿಗೆ ‘ಏಪ ಬತ್ತರ್ ಕುಡ್ಲಗ್?’ (ಕುಡ್ಲಕ್ಕೆ ಯಾವಾಗ ಬಂದಿರಿ?) ಎಂದು ತುಳುವಿನಲ್ಲಿ ಕೇಳಿದರು. ಕಾಸರಗೋಡಿನ ವ್ಯಾಪಾರಿಗೆ ಮಲಯಾಳದಲ್ಲಿ ಮಂಗಲಾಪುರಂ ಎಂದರು. ನನ್ನ ಕಡೆ ತಿರುಗಿ ‘ಮಂಗಳೂರಲ್ಲಿ ಈಗ ಶುಂಠಿಗೆ ರೇಟು ಜಾಸ್ತಿ’ ಎಂದರು. ಹತ್ತು ನಿಮಿಷದೊಳಗೆ ನಾಲ್ಕು ಹೆಸರು. ಒಂದಕ್ಕೂ ತಡವರಿಸಲಿಲ್ಲ.

ಅದರಲ್ಲಿ ನಿಜವಾದ ಹೆಸರು ಯಾವುದು?

ನೀವು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೀರೋ ಆ ಭಾಷೆಯ ಹೆಸರು ನಿಜವಾದ ಹೆಸರು. ಕನ್ನಡದ ವಾಕ್ಯದಲ್ಲಿ ಮಂಗಳೂರು, ತುಳುವಿನ ವಾಕ್ಯದಲ್ಲಿ ಕುಡ್ಲ. ಅಮ್ಮನನ್ನು ಒಂದು ಮನೆಯಲ್ಲಿ ಅಪ್ಪೆ ಅಂತಾರೆ, ಇನ್ನೊಂದು ಮನೆಯಲ್ಲಿ ಆವಯ್ ಅಂತಾರೆ. ಯಾವುದು ನಿಜ ಅಂತ ಯಾರೂ ಕೇಳುವುದಿಲ್ಲ ಅಲ್ವಾ?

ಕುಡ್ಲ ಅಂದ್ರೆ ಏನರ್ಥ?

ತುಳುವರು ಸಾಮಾನ್ಯವಾಗಿ ಹೇಳುವುದು ‘ಕೂಡುವ ಜಾಗ’ ಎಂದು. ನೇತ್ರಾವತಿ ದಕ್ಷಿಣದಿಂದ, ಫಲ್ಗುಣಿ ಅಂದರೆ ಗುರುಪುರ ನದಿ ಉತ್ತರದಿಂದ ಬಂದು ಇಲ್ಲಿ ಕೂಡಿ ಸಮುದ್ರ ಸೇರುತ್ತವೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟುವಾಗ ದಕ್ಷಿಣಕ್ಕೆ ನೋಡಿ. ಅಲ್ಲಿ ಬಲಗಡೆ ಕಾಣುವ ಉದ್ದನೆಯ ಮರಳಪಟ್ಟಿ ಬೆಂಗ್ರೆ. ಅದರ ತುದಿಯ ಕಡೆ ಎರಡೂ ನೀರು ಸೇರುತ್ತವೆ. ಹೆಸರಿನ ಅರ್ಥವನ್ನು ಕಣ್ಣಾರೆ ನೋಡಲು ಸಿಗುವ ಊರುಗಳು ಕಡಿಮೆ.

ಮತ್ತೆ ಮಂಗಳೂರು? ಅದು ಮಂಗಳಾದೇವಿಯಿಂದ ಬಂದದ್ದಾ?

ಹಾಗೆಂದು ಊರು ನಂಬುತ್ತದೆ. ಬೋಳಾರದಲ್ಲಿ ಮಂಗಳಾದೇವಿ ದೇವಸ್ಥಾನ ಇದೆ. ಮಲಬಾರಿನ ಒಬ್ಬ ರಾಜಕುಮಾರಿ ನಾಥಪಂಥದ ಗುರು ಮತ್ಸ್ಯೇಂದ್ರನಾಥರ ಜೊತೆ ಇಲ್ಲಿಗೆ ಬಂದಳು, ಮಂಗಳಾದೇವಿ ಎಂಬ ಹೆಸರು ಪಡೆದಳು, ಇಲ್ಲೇ ತೀರಿಕೊಂಡಳು, ಅವಳ ನೆನಪಿಗೆ ಗುಡಿ ಆಯಿತು ಎನ್ನುವುದು ಕಥೆ. ನಾಥಪಂಥಕ್ಕೂ ಊರಿಗೂ ಇರುವ ನಂಟು ಮಾತ್ರ ಕಥೆಯಲ್ಲ, ಕದ್ರಿಯ ಜೋಗಿ ಮಠ ಇವತ್ತಿಗೂ ಇದೆ.

ಹೆಸರು ತುಂಬಾ ಹಳೆಯದು. 6ನೇ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಾಸ್ ಕರಿಮೆಣಸು ಸಾಗಿಸುವ ಬಂದರುಗಳ ಪಟ್ಟಿಯಲ್ಲಿ ‘ಮಂಗರೂಥ್’ ಎಂದು ಬರೆದಿದ್ದಾನೆ. ಅದು ನಮ್ಮ ಊರೇ ಎಂದು ಇತಿಹಾಸ ಬರೆದವರು ಗುರುತಿಸುತ್ತಾರೆ. ವಿಜಯನಗರದವರ ಕಾಲದಲ್ಲಿ ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಮಾಡಿ ಆಳುತ್ತಿದ್ದರು.

ಉಡುಪಿಗೂ ಹೀಗೇ ಬೇರೆ ಬೇರೆ ಹೆಸರು ಇದೆಯಾ?

ಇದೆ. ತುಳುವಿನಲ್ಲಿ ಒಡಿಪು. ನನ್ನ ಅಜ್ಜಿ ಬಾಯಲ್ಲಿ ‘ಉಡುಪಿ’ ಎಂಬ ಮಾತು ಬಂದದ್ದು ಬ್ಯಾಂಕಿನಲ್ಲಿ ವಿಳಾಸ ಹೇಳುವಾಗ ಮಾತ್ರ. ಸಂಸ್ಕೃತದಲ್ಲಿ ಬರೆಯುವವರು ರಜತಪೀಠಪುರ ಎಂದರು. ಪಕ್ಕದ ಶಿವಳ್ಳಿಯ ಹೆಸರಿನಲ್ಲಿ ಬೆಳ್ಳಿ ಇದೆ ಎಂದು ಓದಿ ಅದನ್ನೇ ರಜತ ಮಾಡಿಕೊಂಡರು ಎನ್ನುತ್ತಾರೆ. ‘ಉಡು’ ಅಂದರೆ ನಕ್ಷತ್ರ, ‘ಪ’ ಅಂದರೆ ಒಡೆಯ, ನಕ್ಷತ್ರಗಳ ಒಡೆಯ ಚಂದ್ರ ಇಲ್ಲಿ ತಪಸ್ಸು ಮಾಡಿದ ಎನ್ನುವ ಕಥೆ ಚಂದ್ರಮೌಳೀಶ್ವರ ದೇವಸ್ಥಾನದ ಜೊತೆ ಸೇರಿಕೊಂಡಿದೆ.

ಊರು ಬಿಟ್ಟ ಮೇಲೆ ಈ ಹೆಸರು ಇನ್ನೊಂದು ರೂಪ ತಾಳಿತು. ಮುಂಬೈ, ಚೆನ್ನೈಗಳಲ್ಲಿ ಹಳೆಯ ಬೋರ್ಡುಗಳಲ್ಲಿ ‘ಉಡಿಪಿ ಹೋಟೆಲ್’ ಎಂದೇ ಇರುತ್ತದೆ. ಅಲ್ಲಿಯವರಿಗೆ ಉಡಿಪಿ ಅಂದರೆ ಮೊದಲು ನೆನಪಾಗುವುದು ಮಸಾಲೆ ದೋಸೆ, ಆಮೇಲೆ ಊರು.

ಬಸ್ಸಿನ ಬೋರ್ಡಲ್ಲಿ ಒಂದು ಹೆಸರು, ಕಂಡಕ್ಟರ್ ಕೂಗೋದು ಇನ್ನೊಂದು. ಹೊಸಬರು ಏನು ಮಾಡ್ಬೇಕು?

ನಾಲ್ಕೈದು ಕಲಿತರೆ ಸಾಕು. ಮೂಡುಬಿದಿರೆ ತುಳುವಿನಲ್ಲಿ ಬೆದ್ರ. ಕಾರ್ಕಳ ಕಾರ್ಲ. ಉಪ್ಪಿನಂಗಡಿ ಉಬಾರ್, ಇದನ್ನು ಮಾತ್ರ ಊಹಿಸಿ ಹೇಳಲು ಸಾಧ್ಯವೇ ಇಲ್ಲ. ಧರ್ಮಸ್ಥಳಕ್ಕೆ ಹಿರಿಯರು ಕುಡುಮ ಎನ್ನುತ್ತಾರೆ. ಕುಂದಾಪುರ ಕನ್ನಡದಲ್ಲೇ ಇದ್ದರೂ ಅಲ್ಲಿಯವರ ಬಾಯಲ್ಲಿ ಕುಂದಾಪ್ರ.

ಇನ್ನು ಸಿಟಿ ಬಸ್ಸಿನಲ್ಲಿ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗಿದರೆ ಬ್ಯಾಂಕಿನ ಕೆಲಸ ಇಲ್ಲದವರೂ ಹತ್ತಬಹುದು. ಅದು ಊರ ನಡುವಿನ ಬಸ್ ನಿಲ್ದಾಣ. ಪಕ್ಕದಲ್ಲಿದ್ದ ಬ್ಯಾಂಕಿನ ಹೆಸರನ್ನು ಜನ ನಿಲ್ದಾಣಕ್ಕೆ ಇಟ್ಟರು, ಈಗ ಅದೇ ಒಂದು ಜಾಗದ ಹೆಸರು. ಊರ ಹೆಸರುಗಳು ಹುಟ್ಟುವುದು ಹೆಚ್ಚಾಗಿ ಹೀಗೆಯೇ. ಯಾರೂ ಸಭೆ ಕರೆದು ಇಡುವುದಿಲ್ಲ.

## ಹೆಸರು ಯಾಕೆ ಬದಲಾಗುತ್ತದೆ

ಇಂಗ್ಲಿಷರಿಗೆ ಮಂಗಳೂರು ಅನ್ನೋಕೆ ಬರ್ತಿರ್ಲಿಲ್ವಾ? ಯಾಕೆ ಹಾಳು ಮಾಡಿದ್ರು?

ಹಾಳು ಮಾಡಬೇಕೆಂದು ಮಾಡಿದ್ದಲ್ಲ. ಪ್ರತಿ ಭಾಷೆಗೂ ತನ್ನದೇ ಒಂದಷ್ಟು ಸದ್ದುಗಳಿರುತ್ತವೆ. ಹೊರಗಿನ ಹೆಸರು ಬಂದಾಗ ನಾಲಿಗೆ ತನ್ನ ಹತ್ತಿರ ಇರುವ ಸದ್ದನ್ನೇ ಕೊಡುತ್ತದೆ. ನಮ್ಮ ‘ಳ’ ಪೋರ್ಚುಗೀಸರಲ್ಲಿಲ್ಲ, ಇಂಗ್ಲಿಷರಲ್ಲಿಲ್ಲ, ಹಾಗಾಗಿ ‘ಲ’ ಆಯಿತು. ಕೊನೆಯ ‘ಉ’ವನ್ನು ನಾವೇ ಮಾತಿನ ಓಟದಲ್ಲಿ ಅರ್ಧ ನುಂಗುತ್ತೇವೆ, ಅವರು ಪೂರ್ತಿ ಬಿಟ್ಟರು. ಉಳಿದ ‘ಊರ್’ ಅವರ ಸ್ಪೆಲ್ಲಿಂಗಿನಲ್ಲಿ ‘ಓರ್’ ಆಯಿತು. ಇಂಗ್ಲಿಷರಿಗಿಂತ ಮೊದಲೇ ಪೋರ್ಚುಗೀಸರು ಮಂಗಲೋರ್ ಎಂದು ಬರೆಯುತ್ತಿದ್ದರು.

ಅವರಿಗಿಂತ ಮುಂಚೆ ಅರಬರು ಬಂದಿದ್ದರು. ಇಬ್ನ್ ಬತೂತ 1342ರ ಸುಮಾರಿಗೆ ಇಲ್ಲಿಗೆ ಬಂದಾಗ ಊರನ್ನು ಮಂಜರೂರ್ ಎಂದು ಬರೆದ. ಪರ್ಷಿಯಾ, ಯೆಮೆನ್ ಕಡೆಯ ವ್ಯಾಪಾರಿಗಳು ಇಲ್ಲೇ ಇಳಿಯುತ್ತಾರೆ, ಕರಿಮೆಣಸು, ಶುಂಠಿ ಬೇಕಾದಷ್ಟು ಸಿಗುತ್ತದೆ ಎಂದೂ ಬರೆದಿದ್ದಾನೆ. ಬರಹದ ಅರಬ್ಬಿಯಲ್ಲಿ ‘ಗ’ ಇಲ್ಲ, ‘ಜ’ ಇದೆ. ‘ಳ’ ಇಲ್ಲ, ‘ರ’ ಇದೆ. ಎರಡನ್ನೂ ಹಾಕಿ ಮಂಗಳೂರು ಎಂದು ಹೇಳಿ ನೋಡಿ, ಮಂಜರೂರು ತಾನಾಗಿ ಬರುತ್ತದೆ. ಅವನಿಗಿಂತ ಇನ್ನೂರು ವರ್ಷ ಮೊದಲು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ವರ್ಷಗಟ್ಟಲೆ ಇಲ್ಲಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ ಸಿಕ್ಕವು. ನಮ್ಮ ಊರ ಹೆಸರು ಅಷ್ಟು ದೂರ ಹೋಗಿ ಬಂದಿದೆ. ಇದನ್ನು ನೆನೆದಾಗ ನನಗೆ ಸಿಟ್ಟು ಬರುವುದಿಲ್ಲ, ಸಂತೋಷವಾಗುತ್ತದೆ. ಯಾರೂ ಬಾರದ ಊರಿಗೆ ಹೊರಗಿನವರ ಬಾಯಲ್ಲಿ ಹೆಸರೇ ಇರುವುದಿಲ್ಲ.

ಮಲಯಾಳಿಗಳು ಮಂಗಲಾಪುರಂ ಅಂತ ಯಾಕೆ ಹೇಳೋದು? ನಮ್ಮ ಊರಿನ ಹೆಸರನ್ನು ಅವರು ಬದಲಾಯಿಸಿದ್ದು ಸರಿಯಾ?

ಕಲ್ಲಿಕೋಟೆಯವರು ನಮ್ಮನ್ನು ಇದೇ ಪ್ರಶ್ನೆ ಕೇಳಬಹುದು. ಅವರ ಊರು ಅವರಿಗೆ ಕೋಝಿಕ್ಕೋಡ್, ನಮಗೆ ಕಲ್ಲಿಕೋಟೆ. ತಿರುವನಂತಪುರಂ ಎಂಬುದರ ಕೊನೆಯ ‘ಮ್’ ಅನ್ನು ನಾವು ಕೇಳದೆಯೇ ತೆಗೆದು ತಿರುವನಂತಪುರ ಮಾಡಿಕೊಂಡಿದ್ದೇವೆ. ಅವರು ‘ಪುರ’ಕ್ಕೆ ‘ಮ್’ ಹಚ್ಚುತ್ತಾರೆ, ನಾವು ತೆಗೆಯುತ್ತೇವೆ. ಊಟಿಗೆ ಉದಕಮಂಡಲ ಎಂದೆವು. ಮರಾಠಿಗರ ಸೋಲಾಪುರವನ್ನು ಸೊಲ್ಲಾಪುರ ಎಂದೆವು. ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಕಡೆಗೆ ಕನ್ನಡದಲ್ಲಿ ಹೊಸದುರ್ಗ ಎನ್ನುತ್ತೇವೆ. ಚಿತ್ರದುರ್ಗದ ಕಡೆ ಇನ್ನೊಂದು ಹೊಸದುರ್ಗ ಇರುವುದರಿಂದ ಘಟ್ಟದ ಮೇಲಿನವರಿಗೆ ಇದು ಗೊಂದಲ.

ಪಕ್ಕದ ಊರಿನ ಹೆಸರು ನಮ್ಮ ಭಾಷೆಯಲ್ಲಿ ಬೇರೆ ಇದ್ದರೆ ಆ ಊರಿನ ಜೊತೆ ಬಹಳ ಕಾಲದ ಕೊಡುಕೊಳ್ಳುವಿಕೆ ಇದೆ ಎಂದರ್ಥ. ನಮ್ಮ ಹಿರಿಯರು ಕೆಲಸ ಹುಡುಕಿ ಹೋದ ಮುಂಬೈ ಇವತ್ತಿಗೂ ಅವರಿಗೆ ಬೊಂಬಾಯಿ. ಹೋಗದೇ ಇದ್ದ ಊರುಗಳನ್ನು ಮಾತ್ರ ನಾವು ಪುಸ್ತಕದಲ್ಲಿ ಇದ್ದ ಹಾಗೆ ಹೇಳುತ್ತೇವೆ.

ಇಷ್ಟೊಂದು ಹೆಸರಿನ ಗೊಂದಲ ನಮ್ಮಲ್ಲಿ ಮಾತ್ರವಾ, ಬೇರೆ ದೇಶದಲ್ಲೂ ಇದೆಯಾ?

ಎಲ್ಲ ಕಡೆ ಇದೆ. ಇಂಗ್ಲಿಷಿನ ವಿಯೆನ್ನಾ ಅಲ್ಲಿಯವರಿಗೆ ವೀನ್, ಹಂಗೇರಿಯವರಿಗೆ ಬೇಚ್, ಸ್ಲೊವೇನಿಯಾದವರಿಗೆ ದುನಾಯ್. ಜರ್ಮನಿಯನ್ನು ಜರ್ಮನರು ಡಾಯ್ಚ್‌ಲಾಂಡ್ ಎಂದರೆ ಫ್ರೆಂಚರು ಅಲ್ಮಾನ್ ಎನ್ನುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಹೆಸರು ನಮಗೆಲ್ಲ ಗೊತ್ತು. ಆ ಬಾಸೆಲ್ ಪಟ್ಟಣವನ್ನು ಫ್ರೆಂಚರು ಬಾಲ್ ಎಂದೂ ಇಟಾಲಿಯನ್ನರು ಬಾಸಿಲೆಯಾ ಎಂದೂ ಕರೆಯುತ್ತಾರೆ. ಬಾಸೆಲ್ ಇರುವ ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರೂ ಸರ್ಕಾರಿ ಭಾಷೆಗಳು. ನಮ್ಮ ಊರಿನಂತೆಯೇ ಅಲ್ಲೂ ಒಂದೇ ದೇಶದೊಳಗೆ ಒಂದು ಊರಿಗೆ ಹಲವು ಹೆಸರು.

ಭಾಷಾಶಾಸ್ತ್ರದವರು ಊರವರೇ ಕರೆಯುವ ಹೆಸರನ್ನು ಎಂಡೋನಿಮ್, ಹೊರಗಿನವರ ಹೆಸರನ್ನು ಎಕ್ಸೋನಿಮ್ ಎನ್ನುತ್ತಾರೆ. ಕನ್ನಡದಲ್ಲಿ ನಾನು ಒಳಹೆಸರು, ಹೊರಹೆಸರು ಎಂದು ಹೇಳುತ್ತೇನೆ. ಮಂಗಳೂರಿಗೆ ಮಾತ್ರ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ. ಕುಡ್ಲ, ಕೊಡಿಯಾಲ, ಮೈಕಾಲ, ಮಂಗಳೂರು ನಾಲ್ಕೂ ಒಳಹೆಸರುಗಳೇ.

## ಸರ್ಕಾರ, ಬೋರ್ಡು, ಕಾಗದ

2014ರಲ್ಲಿ ಮಂಗಳೂರು ಅಂತ ಹೊಸ ಹೆಸರು ಇಟ್ರಲ್ವಾ?

ಹೊಸದೇನೂ ಇಡಲಿಲ್ಲ. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಹಾಗೆ ಬರೆಯಬೇಕೆಂದು ಆಯಿತು. ಮಂಗಳೂರು, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ ಇವೆಲ್ಲ ಆ ಪಟ್ಟಿಯಲ್ಲಿ ಇದ್ದವು. ಬದಲಾದದ್ದು ಇಂಗ್ಲಿಷ್ ಸ್ಪೆಲ್ಲಿಂಗ್. ಕನ್ನಡದಲ್ಲಿ ಓದುವವರಿಗೆ ಎದ್ದು ಕಂಡ ಬದಲಾವಣೆ ಎರಡೇ: ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು.

ಕನ್ನಡದ ಮೊದಲ ಪತ್ರಿಕೆ 1843ರ ಜುಲೈ 1ರಂದು ಇದೇ ಊರಿನಿಂದ ಹೊರಟಿತು. ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಹೆಸರು ‘ಮಂಗಳೂರ ಸಮಾಚಾರ’. ಸರ್ಕಾರದ ಆದೇಶಕ್ಕಿಂತ 171 ವರ್ಷ ಮೊದಲೇ ಜರ್ಮನಿಯಿಂದ ಬಂದವರು ನಮ್ಮ ಊರನ್ನು ಮಂಗಳೂರು ಎಂದೇ ಅಚ್ಚು ಹಾಕಿದ್ದರು.

ಹಾಗಾದ್ರೆ ಯೂನಿವರ್ಸಿಟಿ, ಬಂದರು ಇವಕ್ಕೆಲ್ಲ ಇಂಗ್ಲಿಷಲ್ಲಿ ಇನ್ನೂ ಮ್ಯಾಂಗಲೋರ್ ಅಂತ ಯಾಕಿದೆ?

ಊರ ಹೆಸರು ಬೇರೆ, ಸಂಸ್ಥೆಯ ಹೆಸರು ಬೇರೆ. ವಿಶ್ವವಿದ್ಯಾನಿಲಯ, ಬಂದರು ಪ್ರಾಧಿಕಾರ, ತೈಲ ಸಂಸ್ಕರಣಾ ಕಂಪನಿ ಇವೆಲ್ಲ ತಮ್ಮದೇ ಕಾನೂನಿನ ಕೆಳಗೆ, ತಮ್ಮದೇ ಹೆಸರಿನಲ್ಲಿ ನೋಂದಣಿ ಆದವು. ಊರಿನ ಸ್ಪೆಲ್ಲಿಂಗ್ ಬದಲಾದರೆ ಅವು ತಾನಾಗಿ ಬದಲಾಗುವುದಿಲ್ಲ. ಮುಂಬೈ 1995ರಲ್ಲಿ, ಚೆನ್ನೈ 1996ರಲ್ಲಿ ಹೆಸರು ಬದಲಿಸಿಕೊಂಡರೂ ಹೈಕೋರ್ಟುಗಳು ಬಾಂಬೆ, ಮದ್ರಾಸ್ ಎಂದೇ ಉಳಿದಿವೆ.

ನನ್ನ ಸರ್ಟಿಫಿಕೇಟಲ್ಲಿ ಹಳೆ ಸ್ಪೆಲ್ಲಿಂಗ್, ಆಧಾರಲ್ಲಿ ಹೊಸದು. ತೊಂದರೆ ಆಗುತ್ತಾ?

ಎರಡೂ ಒಂದೇ ಊರು, ಆದರೆ ಕೌಂಟರಿನ ಆಚೆ ಕೂತವರಿಗೆ ಅದು ಗೊತ್ತಿರಬೇಕು. ನನ್ನ ಚಿಕ್ಕಪ್ಪನ ಮಗನಿಗೆ ದೂರದ ಊರಿನ ಒಂದು ಕಚೇರಿಯಲ್ಲಿ ಇದೇ ಕಾರಣಕ್ಕೆ ಮೂರು ಸಲ ಅಲೆಯುವ ಹಾಗಾಯಿತು. ನಾಲ್ಕನೇ ಸಲ ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿ ತೆಗೆದುಕೊಂಡು ಹೋದ, ಕೆಲಸ ಆಯಿತು. ಅಂದಿನಿಂದ ಅದರ ಒಂದು ಪ್ರತಿ ಅವನ ಫೈಲಿನಲ್ಲೇ ಇದೆ. ನೀವೂ ಇಟ್ಟುಕೊಳ್ಳಿ.

ವಿಮಾನದ ಟಿಕೆಟಲ್ಲಿ ಐಎಕ್ಸ್‌ಇ ಅಂತ ಇರುತ್ತೆ. ಅದು ಯಾವ ಹೆಸರು?

ಅದು ಯಾವ ಭಾಷೆಯ ಹೆಸರೂ ಅಲ್ಲ, ವಿಮಾನಯಾನದವರು ಕೊಟ್ಟ ಗುರುತು. ಬೆಳಗಾವಿ ಐಎಕ್ಸ್‌ಜಿ, ಚಂಡೀಗಢ ಐಎಕ್ಸ್‌ಸಿ. ಊರಿನವರು ಮಾತ್ರ ಏರ್‌ಪೋರ್ಟಿಗೆ ಈಗಲೂ ‘ಬಜ್ಪೆ’ ಎಂದೇ ಹೇಳುತ್ತಾರೆ.

ಕೆನರಾ ಅಂತ ಇಲ್ಲಿ ಎಲ್ಲ ಕಡೆ ಕಾಣುತ್ತಲ್ಲ, ಅದೇನು?

ಕನ್ನಡ ಎಂಬ ಮಾತೇ ಪೋರ್ಚುಗೀಸರ ಬಾಯಿಗೆ ಬಿದ್ದು ಕನಾರಾ ಆಯಿತು, ಇಂಗ್ಲಿಷರಲ್ಲಿ ಕೆನರಾ ಆಯಿತು. ಅವರು ಕಂಡ ಕನ್ನಡ ನಾಡು ಈ ಕರಾವಳಿ, ಹಾಗಾಗಿ ಈ ಪಟ್ಟಿಗೇ ಆ ಹೆಸರು ಅಂಟಿತು. ಆಮೇಲೆ ಅದನ್ನು ಉತ್ತರ ಕೆನರಾ, ದಕ್ಷಿಣ ಕೆನರಾ ಎಂದು ಎರಡು ಮಾಡಿದರು. ನನ್ನ ಅಪ್ಪನ ಶಾಲೆಯ ಅಂಕಪಟ್ಟಿಯಲ್ಲಿ ಜಿಲ್ಲೆಯ ಹೆಸರು ಸೌತ್ ಕೆನರಾ ಎಂದೇ ಇದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಶುರು ಮಾಡಿದ ಬ್ಯಾಂಕಿನಲ್ಲಿ ಆ ಹಳೆಯ ಹೆಸರು ಉಳಿದುಕೊಂಡಿದೆ. ಜಿಲ್ಲೆ ಈಗ ದಕ್ಷಿಣ ಕನ್ನಡ, 1997ರಲ್ಲಿ ಅದರಿಂದ ಉಡುಪಿ ಬೇರೆಯಾಯಿತು.

## ಸ್ವಲ್ಪ ಆಳದ ಪ್ರಶ್ನೆಗಳು

ಹೆಸರಿನ ಹಿಂದಿನ ಕಥೆಗಳನ್ನು ಎಷ್ಟು ನಂಬಬಹುದು?

ಪ್ರೀತಿಯಿಂದ ಕೇಳಿ, ಆಮೇಲೆ ಸುತ್ತಲಿನ ಊರುಗಳ ಜೊತೆ ಹೋಲಿಸಿ ನೋಡಿ. ಮೂಡುಬಿದಿರೆಯನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಅದಕ್ಕೆ ವೇಣುಪುರ ಎಂಬ ಹೆಸರಿದೆ. ವೇಣು ಅಂದರೆ ಬಿದಿರು. ಯಾವುದು ಮೊದಲು? ಕಡಲಿನ ಹತ್ತಿರ ಪಡುಬಿದ್ರಿ ಎಂಬ ಊರಿದೆ. ಮೂಡು ಅಂದರೆ ಪೂರ್ವ, ಪಡು ಅಂದರೆ ಪಶ್ಚಿಮ. ಒಂದು ಪೂರ್ವದ ಬಿದಿರೆ, ಒಂದು ಪಶ್ಚಿಮದ ಬಿದಿರೆ. ಜೋಡಿ ಸಿಕ್ಕ ತಕ್ಷಣ ಗೊತ್ತಾಗುತ್ತದೆ, ನೆಲದ ಹೆಸರು ಮೊದಲು ಹುಟ್ಟಿತು, ವೇಣುಪುರ ಅದರ ಅನುವಾದ. ಅಕ್ಕಪಕ್ಕದ ಊರುಗಳು ಕೊಡುವಷ್ಟು ಒಳ್ಳೆಯ ಸಾಕ್ಷಿ ಸುಮ್ನೆ ಒಂದೇ ಹೆಸರನ್ನು ತುಂಡು ಮಾಡಿ ಕೂತರೆ ಸಿಗುವುದಿಲ್ಲ.

ಊರಿನ ಅಧಿಕೃತ ಹೆಸರು ಕುಡ್ಲ ಅಂತ ಆಗ್ಬೇಕಲ್ವಾ? ಇಲ್ಲಿ ತುಳು ಜಾಸ್ತಿ ಅಲ್ವಾ?

ಈ ಪ್ರಶ್ನೆಯ ಹಿಂದೆ ಇರುವ ನೋವು ನನಗೆ ಅರ್ಥವಾಗುತ್ತದೆ. ತುಳುವಿಗೆ ಸಂವಿಧಾನದ 8ನೇ ಪರಿಚ್ಛೇದದಲ್ಲಿ ಜಾಗ ಸಿಕ್ಕಿಲ್ಲ, ಊರ ಬೋರ್ಡಿನಲ್ಲಾದರೂ ಕಾಣಲಿ ಎಂಬ ಆಸೆ ಸಹಜ. ಆದರೆ ಒಂದನ್ನು ಅಧಿಕೃತ ಮಾಡಿದ ಕೂಡಲೇ ಉಳಿದವು ಮನೆಮಾತಿನ ಹೆಸರುಗಳಾಗಿ ಕೆಳಗಿಳಿಯುತ್ತವೆ. ಕೊಡಿಯಾಲ ತೇರು ಎಂದು ರಥಬೀದಿಯಲ್ಲಿ ರಥಸಪ್ತಮಿಯ ದಿನ ಸೇರುವವರಿಗೆ ಕೊಡಿಯಾಲವೇ ಊರು. ನನಗೆ ಬೇಕಾದದ್ದು ಇಷ್ಟು: ಊರಿಗೆ ಬರುವ ಹೆದ್ದಾರಿಯ ಬೋರ್ಡಿನಲ್ಲಿ ಮಂಗಳೂರು ಎಂದು ದೊಡ್ಡದಾಗಿ ಬರೆದು, ಕೆಳಗೆ ಕುಡ್ಲ, ಕೊಡಿಯಾಲ, ಮೈಕಾಲ ಎಂದು ಬರೆಯಲಿ. ಬಣ್ಣದ ಖರ್ಚು ಏನು ಮಹಾ.

ಲೇಖನ ಬರೆಯುವಾಗ, ಅನುವಾದ ಮಾಡುವಾಗ ಯಾವ ಹೆಸರು ಹಾಕ್ಬೇಕು?

ನಾನು ಮಾಡುವುದು ಹೀಗೆ. ನಿರೂಪಣೆಯಲ್ಲಿ ಬರೆಯುವ ಭಾಷೆಯ ಹೆಸರು. ಕನ್ನಡ ಆದರೆ ಮಂಗಳೂರು, ಕಲ್ಲಿಕೋಟೆ, ಬೆಳಗಾವಿ. ಪಾತ್ರ ಮಾತಾಡುವಾಗ ಆ ಪಾತ್ರದ ಬಾಯಲ್ಲಿ ಬರುವ ಹೆಸರು. ಬೊಂಬಾಯಿಗೆ ಓಡಿಹೋದ ಹುಡುಗನ ಬಾಯಲ್ಲಿ ಮುಂಬೈ ಎಂದು ಹಾಕಿದರೆ ಅವನ ಕಾಲವೇ ಕಳೆದುಹೋಗುತ್ತದೆ. ಹಳೆಯ ದಾಖಲೆಯ ಮಾತನ್ನು ಎತ್ತಿ ಹಾಕುವಾಗ ಅಲ್ಲಿದ್ದ ರೂಪವನ್ನೇ ಇಟ್ಟು, ಪಕ್ಕದಲ್ಲಿ ಈಗಿನ ಹೆಸರು ಹೇಳುತ್ತೇನೆ. ಸಂಸ್ಥೆಗಳ ಹೆಸರು ಇಂಗ್ಲಿಷಿನಲ್ಲಿ ಅವರು ಬರೆದಂತೆ. ಯಾರಾದರೂ ವಯಸ್ಸಾದವರು ಮ್ಯಾಂಗಲೋರ್ ಎಂದರೆ ತಿದ್ದಲು ಹೋಗುವುದಿಲ್ಲ.

ನಮ್ಮ ಮಕ್ಕಳು ಮನೆಯಲ್ಲೂ ಮ್ಯಾಂಗಲೋರ್ ಅಂತಾರೆ. ಬೇರೆ ಹೆಸರುಗಳನ್ನು ಹೇಗೆ ಕಲಿಸೋದು?

ಕೂರಿಸಿ ಕಲಿಸಿದರೆ ನಿಲ್ಲುವುದಿಲ್ಲ. ಆ ಹೆಸರು ಹೇಳುವ ಜನರ ನಡುವೆ ಬಿಡಿ. ಮೀನಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ತೇರಿಗೆ ಕರೆದುಕೊಂಡು ಹೋಗಿ, ಸಿಟಿ ಬಸ್ಸು ಹತ್ತಿಸಿ.

ಕಳೆದ ಮಳೆಗಾಲಕ್ಕೆ ಮುಂಚೆ ಅಮ್ಮನ ತವರಿನ ಮಾಡು ಬಿಚ್ಚಿಸಿದೆವು. ಹಂಚುಗಳನ್ನು ಅಂಗಳದಲ್ಲಿ ಪೇರಿಸಿ ಇಟ್ಟಿದ್ದರು. ಅಕ್ಕನ ಮಗಳು ಒಂದು ಹಂಚನ್ನು ಮಗುಚಿ, ಪಾಚಿ ಉಜ್ಜಿ, ಹಿಂಬದಿಯಲ್ಲಿ ಒತ್ತಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು: ‘ಮ್ಯಾಂಗಲೋರ್’. ಜಗಲಿಯಲ್ಲಿ ಕೂತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದರು, ‘ಅವು ಕುಡ್ಲದ ಹಂಚು, ಮೆಲ್ಲ ಇಡು ಮಗಾ’. ಅವಳು ಅಜ್ಜಿಯ ಮುಖ ನೋಡಿದಳು, ಹಂಚು ನೋಡಿದಳು. ಮರುದಿನ ಪಕ್ಕದ ಮನೆಯ ಹುಡುಗನಿಗೆ ಅದೇ ಹಂಚು ತೋರಿಸುತ್ತಾ ‘ಇದು ಕುಡ್ಲದ್ದು ಗೊತ್ತುಂಟಾ’ ಎನ್ನುತ್ತಿದ್ದಳು.